ರಾಶಿಯ ಮೇಲೆ ಕುಳಿತ ಇಂಗ್ಲಿಷ್ ವ್ಯಾಕರಣ

ನಾನು ಚಿಕ್ಕವಳಿದ್ದಾಗ ಇಂಗ್ಲಿಷ್ ಎಂಬುದು ನನಗೆ ಹನ್ನೊಂದನೆಯ ಪುಟದಿಂದ ಶುರುವಾಯಿತು. ಯಾಕೆಂದರೆ ನನ್ನ ಹತ್ತಿರ ಇದ್ದ ಒಂದೇ ಒಂದು ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲಿನ ಹತ್ತು ಪುಟಗಳೂ ಇರಲಿಲ್ಲ. ಅಪ್ಪ ಸಿಂದಗಿ ಸಂತೆಗೆ ಹೋದಾಗ ರದ್ದಿ ಅಂಗಡಿಯಲ್ಲಿ ಹಳೆಯ ಕಾಗದದ ಜೊತೆ ತೂಕಕ್ಕೆ ಹಾಕಿಸಿ ತಂದಿದ್ದ. ಅದನ್ನು ಬರೆದವರು ಯಾರೋ, ಅದರ ಹೆಸರೇನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂಗಿಗೆ ಹಿಡಿದರೆ ಬೆಲ್ಲದ ವಾಸನೆ ಬರುತ್ತಿತ್ತು. ಯಾವುದೋ ಕಿರಾಣಿ ಅಂಗಡಿಯಲ್ಲಿ ಒಂದಿಷ್ಟು ದಿನ ಇದ್ದು ಬಂದಿರಬೇಕು.

ಚಿಕ್ಕವಳು ಎಂದರೆ ತೀರ ಚಿಕ್ಕವಳಲ್ಲ, ಹತ್ತನೆಯ ಇಯತ್ತೆ, ಅಂದರೆ ಹತ್ತನೆಯ ತರಗತಿ. ಎಪ್ಪತ್ತರ ದಶಕದ ಮಾತು. ನಮ್ಮೂರು ಭೀಮಾ ನದಿಯ ಕಡೆ, ಆಲಮೇಲದ ಆಚೆ. ನಮ್ಮ ಇಂಗ್ಲಿಷ್ ಮಾಸ್ತರರಿಗೆ ದಸರಾ ಹೊತ್ತಿಗೆ ವರ್ಗವಾಗಿ, ಬೇರೆಯವರು ಬರುವುದು ತಡವಾದಾಗ, ನಾನೇ ನನಗೆ ಮಾಸ್ತರಾದೆ. ಹನ್ನೊಂದನೆಯ ಪುಟದಿಂದ ಹಿಡಿದು ದಿನಕ್ಕೆ ಎರಡು ಪುಟ. ಓದುವುದು ಗಟ್ಟಿಯಾಗಿ. ಬಾಯಿ ಮುಚ್ಚಿಕೊಂಡು ಓದುವವರು ನಿದ್ದೆ ಮಾಡುತ್ತಾರೆ ಎಂದು ಅಜ್ಜನ ನಂಬಿಕೆ. ಹೀಗಾಗಿ ಇಂಗ್ಲಿಷ್ ಸಾಲನ್ನು ಒಂದು ಸಲ ಕೂಗಿ, ಅದರ ಅರ್ಥವನ್ನು ಕನ್ನಡದಲ್ಲಿ ಇನ್ನೊಂದು ಸಲ ಕೂಗಿ, ಮನೆಮಂದಿಗೆಲ್ಲ ತಲೆ ಚಿಟ್ಟು ಹಿಡಿಸುತ್ತಿದ್ದೆ. ಅಕ್ಕ ಮಾತ್ರ ಏನೂ ಅನ್ನದೆ ಬೀಸುಕಲ್ಲು ತಿರುವುತ್ತಲೋ ರೊಟ್ಟಿ ಬಡಿಯುತ್ತಲೋ ಇರುತ್ತಿದ್ದಳು. ಅವಳು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಎ ಬಿ ಸಿ ಡಿ ಕೂಡ ಕಂಡಿರಲಿಲ್ಲ.

ಪರೀಕ್ಷೆ ಸಿಂದಗಿಯಲ್ಲಿ. ಕನ್ನಡದ ಪೇಪರು ಆಗಿ, ನಡುವೆ ಎರಡು ದಿನ ಬಿಡುವಿತ್ತು ಅಂತ ಊರಿಗೆ ಬಂದಿದ್ದೆ. ಬಿಡುವಿನ ಎರಡನೆಯ ದಿನ ಅದು, ಮರುದಿನ ಮುಂಜಾನೆಯೇ ಇಂಗ್ಲಿಷ್. ಆ ಸಂಜೆಯೇ ನಾಲ್ಕರ ಬಸ್ಸು ಹಿಡಿದು ಸಿಂದಗಿಯ ಸೋದರತ್ತೆಯ ಮನೆ ಸೇರಬೇಕು. ಆ ಬಸ್ಸು ತಪ್ಪಿದರೆ ಪೇಪರು ತಪ್ಪಿದ ಹಾಗೆ. ಅಜ್ಜ ಮೊದಲೇ ಅಪ್ಪನಿಗೆ ಹೇಳಿಬಿಟ್ಟಿದ್ದ. ಒಂದು ಸಲ ಕೂತು ಪಾಸಾದರೆ ಹುಡುಗಿ ಮುಂದೆ ಓದಲಿ, ಇಲ್ಲದಿದ್ದರೆ ಸಾಲಿ ಸಾಕು. ಎರಡನೆಯ ಸಲ ಎಂಬ ಮಾತೇ ಇರಲಿಲ್ಲ.

ಆದರೆ ಆ ದಿನವೇ ನಮ್ಮ ಜೋಳದ ರಾಶಿ.

ರಾಶಿ ಎಂದರೆ ಮೊಮ್ಮಕ್ಕಳಾದ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ. ಹೊಲದ ನಡುವೆ ಸೆಗಣಿ ಸಾರಿಸಿ ಗುಂಡಗೆ ಒಂದು ಕಣ ಮಾಡುತ್ತಿದ್ದರು. ಅಲ್ಲಿ ಜೋಳದ ತೆನೆ ಹರವಿ ಎತ್ತುಗಳಿಂದ ತುಳಿಸಬೇಕು. ಆಮೇಲೆ ಗಾಳಿ ಬೀಸುವಾಗ ಅದನ್ನು ಬುಟ್ಟಿಯಲ್ಲಿ ಎತ್ತಿ ಮೇಲಿನಿಂದ ಸುರಿಯಬೇಕು. ಹೊಟ್ಟು ಗಾಳಿಗೆ ಹಾರಿ ಹೋಗುತ್ತದೆ, ಕಾಳು ಕೆಳಗೆ ಬೀಳುತ್ತದೆ. ಇದಕ್ಕೆ ತೂರುವುದು ಅನ್ನುತ್ತಾರೆ. ಗಾಳಿ ಇಲ್ಲವೋ, ಕೈ ಕಟ್ಟಿ ಕೂಡಬೇಕು.

ಕಣಕ್ಕೆ ಅದರದೇ ಕಾಯಿದೆಗಳಿದ್ದವು. ಚಪ್ಪಲಿ ಮೆಟ್ಟಿ ಒಳಗೆ ಬರಬಾರದು. ರಾಶಿಯ ಸುತ್ತ ಬೂದಿಯ ಗೆರೆ ಎಳೆಯಬೇಕು. ಕಾಳು ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅನ್ನಬೇಕು. ಎಲ್ಲಕ್ಕಿಂತ ದೊಡ್ಡ ಕಾಯಿದೆ ಏನೆಂದರೆ ಅಲ್ಲಿ ನಿಂತು ‘ಮುಗಿಯಿತು’, ‘ತೀರಿತು’, ‘ನಿಂತಿತು’ ಎಂಬ ಮಾತು ಬಾಯಿಂದ ಬರಕೂಡದು. ಬುಟ್ಟಿ ಬರಿದಾದರೆ ‘ಹೆಚ್ಚಾತು’ ಅನ್ನಬೇಕು. ಕುಡಿಯುವ ನೀರಿನ ಕೊಡ ಖಾಲಿಯಾದರೂ ‘ನೀರು ಹೆಚ್ಚಾಗ್ಯಾವು’ ಅಂತಲೇ ಹೇಳಿ ಬಾವಿಗೆ ಹೋಗುತ್ತಿದ್ದೆವು. ಮುಗಿಯಿತು ಅಂದರೆ ರಾಶಿ ಕೇಳಿಸಿಕೊಂಡು ನಿಜವಾಗಿಯೂ ಮುಗಿದೇಬಿಡುತ್ತದಂತೆ.

ಮುಂಜಾನೆ ಒಳ್ಳೆಯ ಗಾಳಿ ಎದ್ದಿತ್ತು. ಅಜ್ಜ ತಾನು ಊರುವ ಬಡಿಗೆಯನ್ನು ಮಗ್ಗುಲಿಗಿಟ್ಟು, ಕಣದ ಅಂಚಿಗೆ ಕೂತು ಚಿಟಿಕೆ ಹೊಟ್ಟು ಮೇಲೆ ತೂರಿ ನೋಡಿ, ಮಧ್ಯಾಹ್ನದೊಳಗೆ ರಾಶಿ ಆಗುತ್ತದೆ, ಹುಡುಗಿ ನಿಶ್ಚಿಂತೆಯಿಂದ ಬಸ್ಸಿಗೆ ಹೋಗಲಿ ಎಂದ. ಅಪ್ಪ ಮೂರು ಕಾಲಿನ ಎತ್ತರದ ಮಣೆ ಹತ್ತಿ ನಿಂತ. ನಾನು ಬುಟ್ಟಿ ತುಂಬಿ ತುಂಬಿ ಅವನ ಕೈಗೆ ಕೊಡುತ್ತಿದ್ದೆ. ಅಕ್ಕ ಬಾಗಿ, ಮೆತ್ತನೆಯ ಕಸಬರಿಗೆಯಿಂದ ಕಾಳಿನ ಮೇಲೆ ಬಿದ್ದ ಕಸ ಸರಿಸುತ್ತಿದ್ದಳು. ಕಾಳು ಬೀಳುವ ಸಪ್ಪಳ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಹೊಟ್ಟಿನ ಧೂಳು ಕೊರಳಲ್ಲಿ ಇಳಿದು ಮೈಯೆಲ್ಲ ನವೆ. ನಡುವೆ ನಡುವೆ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡ ಪುಸ್ತಕ ತೆಗೆದು ಒಂದು ಸಾಲು ಓದಿ ಮತ್ತೆ ಸಿಕ್ಕಿಸುತ್ತಿದ್ದೆ.

ಕ್ರಿಯಾಪದಕ್ಕೆ ‘ಇಂಗ್’ ಹಚ್ಚಿದರೆ ಅದು ಕೆಲಸದ ಹೆಸರಾಗುತ್ತದೆ ಎಂಬ ಪಾಠ ನನಗೆ ಕಣದಲ್ಲಿ ಬಹಳ ಸುಲಭವಾಗಿ ಹತ್ತಿತು. ನಮ್ಮಲ್ಲೂ ಹಾಗೇ ತಾನೆ? ಬಿತ್ತು ಎನ್ನುವುದು ಬಿತ್ತುವುದು ಆಗುತ್ತದೆ, ತೂರು ಎನ್ನುವುದು ತೂರುವುದು ಆಗುತ್ತದೆ. ‘ಸ್ವೀಪಿಂಗ್ ಈಸ್ ಅಕ್ಕಾಸ್ ವರ್ಕ್’ ಅಂದೆ. ‘ಸಿಟಿಂಗ್ ಈಸ್ ಅಜ್ಜಾಸ್ ವರ್ಕ್’ ಅಂದೆ. ಅರ್ಥ ಹೇಳಿದಾಗ ಅಪ್ಪ ಮಣೆಯ ಮೇಲಿಂದ ಬೀಳುವಷ್ಟು ನಕ್ಕ. ಅಜ್ಜ ನಗಲಿಲ್ಲ. ಕೂಡುವುದೂ ಒಂದು ಕೆಲಸ, ಮಾಡಿ ನೋಡಿದವರಿಗೆ ಗೊತ್ತು ಎಂದು ಗೊಣಗಿದ.

ಅಪ್ಪನಿಗೆ ಮಗಳ ಇಂಗ್ಲಿಷ್ ಮೇಲೆ ಬಹಳ ಹೆಮ್ಮೆ. ಅಜ್ಜನಿಗೂ ಅದು ತಿಳಿಯಲಿ ಅಂತ ಅವನ ಆಸೆ. ಒಂದು ದೊಡ್ಡ ಪಾಠ ಓದು, ಅರ್ಥವನ್ನು ಅಜ್ಜನಿಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳು ಎಂದ. ನಾನು ಉಬ್ಬಿಹೋದೆ. ನಲವತ್ತೆಂಟನೆಯ ಪುಟ ತೆರೆದೆ. ಕೆಲಸ ಆಗಿದೆ, ಅದರ ಫಲ ಈಗ ಕಣ್ಣ ಮುಂದಿದೆ ಎಂದು ಹೇಳಲು ‘ಹ್ಯಾವ್’, ‘ಹ್ಯಾಸ್’ ಬಳಸುವ ಪಾಠ. ಮೊದಲಿನ ಎರಡು ಉದಾಹರಣೆಗಳನ್ನು ಎದೆ ಉಬ್ಬಿಸಿ ಓದಿದೆ. ‘ದ ವಿಂಡ್ ಹ್ಯಾಸ್ ಸ್ಟಾಪ್ಡ್. ವಿ ಹ್ಯಾವ್ ಫಿನಿಶ್ಡ್ ದ ವರ್ಕ್.’ ಆಮೇಲೆ ಅಜ್ಜನ ಕಡೆ ತಿರುಗಿ, ಕೊರಳೆತ್ತಿ ಹೇಳಿದೆ.

“ಗಾಳಿ ನಿಂತೈತಿ. ನಾವು ಕೆಲಸ ಮುಗಿಸೇವಿ.”

ಅಕ್ಕನ ಕಸಬರಿಗೆ ತಟ್ಟನೆ ನಿಂತಿತು. ಅಪ್ಪನ ಕೈಯ ಬುಟ್ಟಿ ಹಾಗೇ ಮೇಲೆ ಉಳಿಯಿತು. ಆಗ ನನಗೆ ನಾನು ಏನಂದೆ ಎಂದು ಗೊತ್ತಾಯಿತು. ಬಾಯಿಗೆ ಕೈ ಹಚ್ಚಿಕೊಂಡೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ, ಸುಳ್ಳಲ್ಲ ಮಕ್ಕಳೇ, ಅಪ್ಪ ಸುರಿದ ಬುಟ್ಟಿಯ ಹೊಟ್ಟು ಹಾರದೆ ನೆಟ್ಟಗೆ ಕಾಳಿನ ಮೇಲೆಯೇ ಬಿತ್ತು. ಗಾಳಿ ಇರಲಿಲ್ಲ.

ಅಜ್ಜ ಚಿಟಿಕೆ ಹೊಟ್ಟು ಮೇಲೆ ತೂರಿದ. ಅದು ಅವನ ಮೀಸೆಯ ಮೇಲೆಯೇ ಇಳಿಯಿತು.

“ಕಣದಾಗ ನಿಂತು ಆಡೂ ಮಾತೇನಬೇ ಅದು?” ಎಂದ.

“ಅದು ಬುಕ್ಕಿನಾಗಿಂದು ಯಜ್ಜಾ. ಇಂಗ್ಲಿಷ್‌ದಾಗ ಐತಿ.”

“ಇಂಗ್ಲಿಷ್ ಆದ್ರೇನು, ರಾಶಿಗಿ ಕಿವಿ ಇಲ್ಲೇನು? ಮ್ಯಾಲ ಕನ್ನಡದಾಗೂ ಹೇಳಿದಿ. ಎಲ್ಲಿ ತಿಳೀದ ಹೋಗ್ತೈತೋ ಅಂತ ಎರಡೆರಡ ಸಲ ಹೇಳಿದಿ.”

ಗಾಳಿ ಮಧ್ಯಾಹ್ನಕ್ಕೂ ಬರಲಿಲ್ಲ. ಅವ್ವ ಬುತ್ತಿ ತಂದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಂಥ ಊಟವನ್ನು ನಾನು ಹಾಗೇ ಪಕ್ಕಕ್ಕೆ ಸರಿಸಿದೆ. ಅರ್ಧ ತೂರಿದ ರಾಶಿ ಬಿಸಿಲಲ್ಲಿ ಸುಮ್ಮನೆ ಕೂತಿತ್ತು. ನನಗೆ ಅದು ನನ್ನನ್ನೇ ನೋಡುತ್ತಿದ್ದ ಹಾಗೆ ಅನ್ನಿಸಿತು. ತೂರಲು ಶುರುಮಾಡಿದ ಮಂದಿ ಕಾಳು ಅಳೆಯುವ ತನಕ ಕಣ ಬಿಟ್ಟು ಹೋಗಬಾರದು ಎಂಬುದು ಇನ್ನೊಂದು ಕಾಯಿದೆ. ಮಧ್ಯಾಹ್ನದೊಳಗೆ ಎಲ್ಲ ಆಗುತ್ತದೆ ಎಂಬ ಧೈರ್ಯದ ಮೇಲೆ ಅಜ್ಜ ನನ್ನನ್ನು ಕೆಲಸಕ್ಕೆ ಹಚ್ಚಿದ್ದ. ಈಗ ಬಿಸಿಲು ಪಡುವಣಕ್ಕೆ ವಾಲುತ್ತಿತ್ತು. ಬಸ್ಸು ನಿಲ್ಲುವ ಡಾಂಬರು ರಸ್ತೆಗೆ ಎರಡು ಮೈಲಿ ನಡೆಯಬೇಕು.

ಅಪ್ಪ ಎರಡು ಸಲ ಅಜ್ಜನ ಹತ್ತಿರ ಹೋಗಿ ಕೂತು ಸುಮ್ಮನೆ ಎದ್ದು ಬಂದ. ಮೂರನೆಯ ಸಲ ಬಾಯಿಬಿಟ್ಟು ಕೇಳಿದ, ಪೇಪರು ತಪ್ಪಿದರೆ ಹುಡುಗಿಯ ವರ್ಷ ಹೋಗುತ್ತದೆ, ಕಳಿಸೋಣ ಎಂದು. ಅಜ್ಜ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಳುವುದಾದರೂ ಸುಲಭವಾಗುತ್ತಿತ್ತು.

“ಅರ್ಧಾ ರಾಶಿ ಬಿಟ್ಟು ಎದ್ದು ಹೋದವರ ಬೆನ್ನ ಹತ್ತಿ ಹುಲಸೂ ಎದ್ದು ಹೋಗ್ತೈತಪಾ,” ಎಂದ. ಹುಲುಸು ಎಂದರೆ ಸಮೃದ್ಧಿ, ಕಾಳು ಉಕ್ಕಿ ಬರುವುದು. “ವರ್ಷದ ಕೂಳು ಇದು. ನಾ ಏನ್ ಮಾಡ್ಲಿ?”

ನಾನು ಪುಸ್ತಕ ಎದೆಗೆ ಅವಚಿಕೊಂಡು ಬೇವಿನ ಗಿಡದ ಕೆಳಗೆ ಕೂತೆ. ಒಂದೂ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ಕೊನೆಯ ಮೂವತ್ತು ಪುಟ ಇನ್ನೊಂದು ಸಲ ನೋಡುವುದು ಬಾಕಿ ಇತ್ತು. ಬಸ್ಸಿನಲ್ಲಿ ಅಷ್ಟು, ಅತ್ತೆಯ ಮನೆಯಲ್ಲಿ ಅಷ್ಟು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆಗ ಅಕ್ಕ ಕಸಬರಿಗೆ ಹಿಡಿದುಕೊಂಡೇ ಅಜ್ಜನ ಮುಂದೆ ಹೋಗಿ ನಿಂತಳು.

“ಯಜ್ಜಾ, ಮುಂಜಾನಿ ನೀ ಬಾಂವಿಗಿ ಹೋಗಿದ್ದೆಲ್ಲ, ರಾಶಿ ಬಿಟ್ಟು ಹೆಂಗ ಹೋದಿ?”

“ಬಿಟ್ಟು ಎಲ್ಲಿ ಹೋಗೇನಿ? ನನ್ನ ಬಡಗಿ ರಾಶಿ ಮಗ್ಗಲಕ ಇಟ್ಟು ಹೋಗಿದ್ದೆ.”

“ಬಡಗಿ ಇದ್ದರ ನೀ ಇದ್ದಂಗೇನು?”

“ಹೂಂ ಮತ್ತ. ನಮ್ಮ ಮುತ್ಯಾನ ಕಾಲದಿಂದ ಹಂಗ ನಡದೈತಿ.”

“ಹಂಗಾರ ಇಕಿನೂ ಏನರ ತನ್ನದೊಂದು ಇಟ್ಟು ಹೋಗ್ಲಿ. ಇಕಿ ಇದ್ದಂಗ ಆಗ್ತೈತಿ.”

ಅಜ್ಜ ಅಕ್ಕನನ್ನು ನೋಡಿದ. ಅಪ್ಪ ಆಕಾಶ ನೋಡಿದ. ನಾನು ಗಡಬಡಿಸಿ ಎದ್ದು ಕೈಯ ಬಳೆ ತೆಗೆಯಲು ಹೋದೆ. ಅಜ್ಜ ಬಡಿಗೆ ಎತ್ತಿ ನನ್ನ ಎದೆಯ ಕಡೆ ತೋರಿಸಿದ.

“ಬಳಿ ಬ್ಯಾಡ. ಮಾತಾಡಿ ಗಾಳಿ ನಿಂದ್ರಿಸಿದ್ದು ಆ ಬುಕ್ಕು. ಅದನ್ನ ಕುಂದರಸು.”

ತಾನೇ ‘ನಿಂದ್ರಿಸಿದ್ದು’ ಅಂದದ್ದು ಅವನಿಗೆ ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ. ಅಪ್ಪ ಮುಖ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ. ಪುಸ್ತಕ ಬಿಟ್ಟು ಪರೀಕ್ಷೆಗೆ ಹೋಗುವುದೆಂದರೆ ಎತ್ತು ಬಿಟ್ಟು ನೇಗಿಲು ಹೊಡೆಯಲು ಹೋದ ಹಾಗೆ. ಇಟ್ಟರೆ ಓದಿಲ್ಲ, ಇಡದಿದ್ದರೆ ಬಸ್ಸೇ ಇಲ್ಲ. ನಾನು ಯೋಚಿಸುತ್ತ ನಿಂತಿದ್ದಂತೆ ಅಕ್ಕ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಕಾಳಿನ ಮೇಲೆ ಮೆಲ್ಲಗೆ ಇಟ್ಟು, ಅದರ ಪಕ್ಕಕ್ಕೆ ತನ್ನ ಕಸಬರಿಗೆಯನ್ನೂ ಇಟ್ಟಳು. ನೀನೆಲ್ಲಿಗೆ ಹೊರಟಿ ಎಂದು ಅಜ್ಜ ಕೇಳುವ ಮೊದಲೇ ಹೇಳಿದಳು, “ನಾನೂ ಇಲ್ಲೇ ಅದೇನಿ ಯಜ್ಜಾ, ನೋಡು.”

ಇಬ್ಬರೂ ಕಾಲುದಾರಿ ಹಿಡಿದೆವು. ಕರಿಮಣ್ಣು ಒಡೆದು ಬಾಯಿ ಬಿಟ್ಟಿತ್ತು, ಕೊಯ್ದ ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಮುಂಜಾನೆಯೇ ಕಣಕ್ಕೆ ತಂದಿಟ್ಟಿದ್ದ ನನ್ನ ಚೀಲ ಅಕ್ಕನ ತಲೆಯ ಮೇಲೆ. ನಾನು ಮುಖ ಗಂಟು ಹಾಕಿಕೊಂಡು ನಡೆಯುತ್ತಿದ್ದೆ. ನನ್ನ ಓದೆಲ್ಲ ರಾಶಿಯ ಮೇಲೆ ಕೂತುಬಿಟ್ಟಿತು, ನಾಳೆ ಬರಿಗೈಯಲ್ಲಿ ಏನು ಬರೆಯಲಿ ಎಂದು ಅವಳ ಮೇಲೆಯೇ ಹರಿಹಾಯ್ದೆ. ಅಕ್ಕ ಹೆಜ್ಜೆ ಚುರುಕು ಮಾಡಿದಳು. ಸ್ವಲ್ಪ ದೂರ ಹೋದ ಮೇಲೆ ಬೀಸುಕಲ್ಲಿನ ಹಾಡಿನ ಧಾಟಿಯಲ್ಲಿ ಮೆಲ್ಲಗೆ ಗುನುಗಿದಳು.

“ಎಂಜಾಯ ಅವಾಯ್ಡ ಮೈಂಡಂಬ ಮೂವರಿಗಿ
ಇಂಗ ಬಿಟ್ಟರ ಬ್ಯಾರೆ ಗೆಳತಿಲ್ಲ, ನನತಂಗಿ
ಟೂ ಹಚ್ಚಿ ಮಾರ್ಕ ಕಳಿಬ್ಯಾಡ.”

ನಾನು ನಿಂತುಬಿಟ್ಟೆ. ಅದು ಮೂವತ್ತೊಂದನೆಯ ಪುಟ. ಎಂಜಾಯ್, ಅವಾಯ್ಡ್, ಮೈಂಡ್ ಇವುಗಳ ಮುಂದೆ ‘ಟು’ ಬರುವುದಿಲ್ಲ, ‘ಇಂಗ್’ ಬರುತ್ತದೆ. ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

“ದಸರಾದಿಂದ ಕಿವ್ಯಾಗ ಒದರಾಕತ್ತೀದಿ. ನನಗೇನು ಕಿವಿ ಇಲ್ಲೇನು? ಕಲ್ಲು ತಿರುವೂ ಹೊತ್ತಿನಾಗ ಏನರ ಒಂದು ಹಾಡು ಬೇಕಲ್ಲ.”

ಅವಳಿಗೆ ಇಡೀ ಪುಸ್ತಕ ಬಾಯಿಪಾಠವಾಗಿತ್ತು. ಒಂದಕ್ಷರವನ್ನೂ ಕಣ್ಣಿಂದ ನೋಡದೆ, ನನ್ನ ಕೂಗಿನಿಂದ ಹೆಕ್ಕಿಕೊಂಡು, ಪುಟಕ್ಕೊಂದು ಹಾಡು ಕಟ್ಟಿದ್ದಳು. ‘ಲುಕ್ ಫಾರ್ವರ್ಡ್ ಟು’ ಎಂಬುದರ ಮುಂದೆ ಮಾತ್ರ ‘ಟು’ ಇದ್ದರೂ ‘ಇಂಗ್’ ಬರುತ್ತದೆ, ಅದು ನನಗೆ ಯಾವಾಗಲೂ ತಪ್ಪುತ್ತಿತ್ತು. ಅಕ್ಕ ಅದಕ್ಕೂ ದಾರಿ ಹುಡುಕಿದ್ದಳು. ಅಲ್ಲಿಯ ‘ಟು’ ಬಾಗಿಲಲ್ಲಿ ನಿಂತ ಅತ್ತೆ ಇದ್ದ ಹಾಗೆ, ಅವಳು ನಿಂತರೂ ಸೊಸೆ ‘ಇಂಗ್’ ಒಳಗೆ ಬಂದೇ ಬರುತ್ತಾಳೆ, ಅವಳ ಮನೆಯೇ ಅದು ಎಂದಳು.

ದಾರಿಯುದ್ದಕ್ಕೂ ಅವಳು ಪ್ರಶ್ನೆ, ನಾನು ಉತ್ತರ. ‘ಹ್ಯಾವ್’ಗೂ ‘ಹ್ಯಾಡ್’ಗೂ ಏನು ಫರಕು, ನೀನು ಎಷ್ಟೋ ಸಲ ಕೂಗಿದ್ದೀ, ನನಗೆ ತಿಳಿದಿಲ್ಲ ಎಂದಳು. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ತಿಳಿದಿರಲಿಲ್ಲ. ಅವಳಿಗೆ ಹೇಳಲು ಹೋಗಿ ತಿಳಿಯಿತು. ‘ಐ ಹ್ಯಾವ್ ಈಟನ್’ ಅಂದರೆ ಊಟ ಆಗಿದೆ, ಹೊಟ್ಟೆ ಇನ್ನೂ ತುಂಬಿಯೇ ಇದೆ. ‘ಐ ಹ್ಯಾಡ್ ಈಟನ್ ವೆನ್ ಯೂ ಕೇಮ್’ ಅಂದರೆ ನೀನು ಬರುವ ಹೊತ್ತಿಗೇ ನಂದು ಆಗಿತ್ತು. ನಿನ್ನೆ ಉಂಡೆ ಅನ್ನುವಾಗ ಎರಡೂ ಬೇಡ, ‘ಐ ಏಟ್ ಯೆಸ್ಟರ್ಡೇ’ ಅಂದರೆ ಆಯಿತು. ಅಕ್ಕ ತಲೆಯ ಮೇಲಿನ ಚೀಲ ಸರಿಪಡಿಸಿಕೊಂಡಳು.

“ಅಂದ್ರ ನಿನ್ನಿ ಊಟಕ್ಕ ಇವತ್ತು ಹೊಟ್ಟಿ ತುಂಬಾಂಗಿಲ್ಲ. ಸುಳ್ಳೇನೈತಿ, ಬರೋಬ್ಬರಿ ಐತಿ ಇಂಗ್ಲಿಷು.”

ಬಸ್ಸು ಧೂಳೆಬ್ಬಿಸಿಕೊಂಡು ಬಂದಾಗ ನಾವು ಅರವತ್ತೆರಡನೆಯ ಪುಟದಲ್ಲಿದ್ದೆವು. ನಾನು ಮೆಟ್ಟಿಲು ಹತ್ತಿದರೂ ಅವಳು ಕಿಟಕಿಯ ಕೆಳಗೆ ನಡೆಯುತ್ತ ಇನ್ನೊಂದು ಸಾಲು ಕೇಳಿದಳು. ನಾನು ತಲೆ ಹೊರಗೆ ಹಾಕಿ ಉತ್ತರ ಕೂಗಿದೆ. ಕಂಡಕ್ಟರ್ ಇಬ್ಬರಿಗೂ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಮರುದಿನ ಪೇಪರಿನಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆಗಳು ಬಂದಾಗ ನನ್ನ ಕಿವಿಯಲ್ಲಿ ಬೀಸುಕಲ್ಲು ತಿರುಗುತ್ತಿತ್ತು. ಗುನುಗುತ್ತ ಬರೆಯುತ್ತಿದ್ದೆನೋ ಏನೋ, ಕಾವಲಿಗಿದ್ದ ಮಾಸ್ತರರು ಬಂದು ಬಾಯಿ ಮುಚ್ಚು ಎಂದು ಸನ್ನೆ ಮಾಡಿದರು. ಕೊನೆಗೆ ನಿಮ್ಮ ಊರಿನ ಯಾವುದಾದರೂ ಕೆಲಸದ ಮೇಲೆ ಹತ್ತು ವಾಕ್ಯ ಬರೆಯಿರಿ ಎಂದಿತ್ತು. ತೂರುವುದರ ಮೇಲೆ ಬರೆದೆ. ಒಂಬತ್ತು ವಾಕ್ಯ ಸರಸರ ಬಂದವು. ಹತ್ತನೆಯದಕ್ಕೆ ‘ವಿ ಹ್ಯಾವ್’ ಎಂದು ಬರೆದು, ‘ಫಿನಿಶ್ಡ್’ ಬರೆಯಲು ಕೈ ಏಳಲಿಲ್ಲ. ರಾಶಿ ಏನಾಗಿದೆಯೋ ಗೊತ್ತಿಲ್ಲ, ಸಿಂದಗಿಯಿಂದಲೂ ಅದಕ್ಕೆ ಕೇಳಿಸಿದರೆ? ಅದನ್ನು ಹೊಡೆದು ಹಾಕಿ ‘ದ ಹೀಪ್ ಹ್ಯಾಸ್ ಗ್ರೋನ್’ ಎಂದು ಬರೆದೆ. ರಾಶಿ ಬೆಳೆದಿದೆ.

ಹೊರಗೆ ಬಂದರೆ ಗೇಟಿನಲ್ಲಿ ಅಪ್ಪ. ಪೇಪರು ಹೇಗಾಯಿತು ಎಂದು ಅವನು, ಗಾಳಿ ಬಂತೇ ಎಂದು ನಾನು, ಇಬ್ಬರೂ ಒಟ್ಟಿಗೇ ಕೇಳಿದೆವು. ನಾವು ಹೋದ ಮೇಲೆ ಸಂಜೆಗೆ ಪಡುವಣ ಗಾಳಿ ಎದ್ದು, ಹೊತ್ತು ಮುಳುಗುವುದರೊಳಗೆ ಕಾಳು ಮನೆ ಸೇರಿತ್ತು. ಅಪ್ಪ ಚೀಲದಿಂದ ನನ್ನ ಪುಸ್ತಕ ತೆಗೆದ. ಅದರ ಮೊದಲ ಪುಟಕ್ಕೆ, ಅಂದರೆ ಹನ್ನೊಂದನೆಯ ಪುಟಕ್ಕೆ, ಮೂರು ಬೆರಳಿನ ವಿಭೂತಿ. ರಾಶಿ ಪೂಜೆ ಮಾಡುವಾಗ ಅಜ್ಜ ಇದಕ್ಕೂ ಹಚ್ಚಿದ್ದನಂತೆ. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಮಧ್ಯಾಹ್ನದಿಂದ ಮಿಸುಕಾಡದೆ ಕೂತಿದೆ, ನಿನ್ನ ಮಗಳಿಗಿಂತ ಇದೇ ಶಾಣೇದು, ಇದಕ್ಕೇ ಬುದ್ಧಿ ಹೆಚ್ಚು ಎಂದನಂತೆ.

ಪಾಸಾದೆ. ನನ್ನ ನಂಬರು ಬಂದ ಪತ್ರಿಕೆಯನ್ನು ಅಜ್ಜ ಓದಲು ಬಾರದಿದ್ದರೂ ದಿನವೆಲ್ಲ ಹಿಡಿದುಕೊಂಡು ಕೂತಿದ್ದ. ಅಕ್ಕನಿಗೆ ಯಾರೂ ನಂಬರು ಕೊಡಲಿಲ್ಲ. ಆ ಬೇಸಿಗೆಯಲ್ಲಿ ನಾನು ಅವಳಿಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದೆ. ಅವಳು ಮೊದಲು ಬರೆಯಲು ಕೇಳಿದ ಶಬ್ದ ‘ಎಂಜಾಯ್’. ಒಲೆಯ ಇದ್ದಿಲಿನಿಂದ ಗೋಡೆಯ ಮೇಲೆ ಬರೆದು, ದೂರ ಸರಿದು ನಿಂತು ನೋಡಿದಳು.

“ಇಷ್ಟ ಸಣ್ಣದೈತೇನು ಇದು?” ಎಂದಳು. “ಹಾಡಿನಾಗ ದೊಡ್ಡದಿತ್ತು.”

ಈಗ ನಮ್ಮ ಹೊಲಕ್ಕೆ ಯಂತ್ರ ಬರುತ್ತದೆ. ನೀವು ಸಾಲಿಯಿಂದ ಬರುವುದರೊಳಗೆ ಕಾಳು ಬೇರೆ, ಹೊಟ್ಟು ಬೇರೆ. ಗಾಳಿಯ ಹಂಗಿಲ್ಲ, ಚಪ್ಪಲಿ ಬಿಡುವ ಕೆಲಸವೂ ಇಲ್ಲ. ನೀವು ಇಂಡಿ ಪಟ್ಟಣದಲ್ಲಿ ಸಾಲಿಯ ಹಳದಿ ವ್ಯಾನು ಹತ್ತಿ ಮೂರನೆಯ ವರ್ಷದಿಂದಲೇ ಇಂಗ್ಲಿಷ್ ಕಲಿತಿರಿ, ಎಲ್ಲ ಪುಟ ಇರುವ ಪುಸ್ತಕಗಳಿಂದ. ತಪ್ಪು ಬರೆದರೆ ಫೋನೇ ಕೆಂಪು ಗೆರೆ ಎಳೆದು ತೋರಿಸುತ್ತದೆ. ನನಗೆ ಸಂತೋಷವೇ. ಕೊರಳಲ್ಲಿ ಹೊಟ್ಟು ಇಳಿದ ನವೆ ನಿಮಗೆ ಬೇಡ.

ಆದರೆ ಮೊನ್ನೆ ನಿಮ್ಮಲ್ಲೇ ಒಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ಇದೇ ‘ಹ್ಯಾವ್’, ‘ಹ್ಯಾಡ್’ ಪಾಠ ಕೇಳುತ್ತ ಕೂತಿದ್ದಳು. ಮನೆಯಲ್ಲಿ ಸದ್ದಿಲ್ಲ. ನಾನು ವೈರು ತೆಗೆದು ಸ್ವಲ್ಪ ಜೋರಾಗಿ ಓದು ಎಂದೆ. ನಿನಗೆ ಕೇಳಬೇಕೇನು ಅಜ್ಜಿ ಎಂದು ನಕ್ಕಳು, ಆದರೂ ಓದಿದಳು. ಎರಡು ಸಾಲು ಓದಿರಬೇಕು, ಒಳಗೆ ನಮ್ಮ ಮನೆಗೆ ರೊಟ್ಟಿ ಮಾಡಲು ಬರುವ ಹುಡುಗಿಯ ಕೈ ಪಟಪಟ ಬಡಿಯುವುದನ್ನು ಬಿಟ್ಟು ಮೆಲ್ಲಗೆ, ಬಹಳ ಮೆಲ್ಲಗೆ ಬಡಿಯತೊಡಗಿತು.